ಬಾಲ್ ಪೈಥಾನ್ ಮುಟ್ಟಿದರೆ ಉಂಡೆಯಾಗುತ್ತದೆ ಎಂದವರಿಗೆ

ಬಾಲ್ ಪೈಥಾನ್, ಅಂದರೆ ಆಫ್ರಿಕಾದ ಸಣ್ಣ ಹೆಬ್ಬಾವನ್ನು ಶಿರಸಿಯ ಮನೆಗೆ ತಂದು ಐದು ದಿನವಾಯಿತು, ಮುಟ್ಟಿದರೆ ಉಂಡೆಯಾಗುತ್ತದೆ, ದಿನಾ ಎತ್ತಿಕೊಂಡರೆ ಪಳಗುತ್ತದೆಯೇ ಎಂದು ಕೇಳಿದ್ದೀರಿ. ಈಗ ಎತ್ತಲೇಬೇಡಿ. ಅದು ಸಿಟ್ಟಲ್ಲ, ಹೆದರಿಕೆ. ಎರಡು ಮೂರು ಸಲ ಸರಿಯಾಗಿ ಇಲಿ ತಿನ್ನುವವರೆಗೆ ನೀರು ಬದಲಿಸಿ ಸುಮ್ನೆ ಬಿಟ್ಟುಬಿಡಿ.

ಆಮೇಲೆ ವಾರಕ್ಕೆ ಎರಡು ಮೂರು ಸಲ, ಐದೈದು ನಿಮಿಷ ಸಾಕು. ಮೇಲಿನಿಂದ ಕೈ ಹಾಕಬೇಡಿ, ಹದ್ದು ಎರಗುವುದೂ ಹಾಗೇ ಅಲ್ವಾ? ಪಕ್ಕದಿಂದ ಕೈ ತಂದು, ನಡುಮೈಗೆ ಆಸರೆ ಕೊಟ್ಟು ಎತ್ತಿ. ತಲೆ ಹಿಡಿಯಬೇಡಿ. ಮೊದಲು ಕೈ ತೊಳೆಯಿರಿ, ಇಲಿ ವಾಸನೆ ಇದ್ದರೆ ಬೆರಳನ್ನೇ ಊಟ ಅಂದುಕೊಳ್ಳುತ್ತದೆ. ಮುಟ್ಟಿದ ಮೇಲೂ ಸೋಪು ಹಾಕಿ ತೊಳೆಯಿರಿ. ತಿಂದ ಮೇಲೆ 48 ಗಂಟೆ ಮುಟ್ಟಬಾರದು, ಕಕ್ಕಿಬಿಡುತ್ತದೆ. ಪೊರೆ ಬಿಡುವ ಮುಂಚೆ ಕಣ್ಣು ಮಬ್ಬಾಗುತ್ತದೆ, ಆಗಲೂ ಬೇಡ. ಶಿರಸಿಯ ಚಳಿಗಾಲದಲ್ಲಿ ಪೆಟ್ಟಿಗೆಯ ಒಂದು ಬದಿ 31-32 ಡಿಗ್ರಿ ಇರಲಿ.

ನಾಯಿಯ ಹಾಗೆ ಪ್ರೀತಿ ತೋರಿಸಲಿ ಎಂದು ಕಾಯಬೇಡಿ. ಅದು ನಿಮ್ಮ ವಾಸನೆಗೆ ಒಗ್ಗಿಕೊಳ್ಳುತ್ತದೆ, ಅಪಾಯವಿಲ್ಲ ಎಂದು ಕಲಿಯುತ್ತದೆ. ಕಾರವಾರದ ನಮ್ಮನೆಯದು ಎರಡು ತಿಂಗಳು ಉಂಡೆಯಾಗಿಯೇ ಇತ್ತು. ಈಗ ನಾಲಿಗೆ ಆಡಿಸುತ್ತಾ ತೋಳಿನ ಮೇಲೆ ನಿಧಾನವಾಗಿ ಹರಿಯುತ್ತದೆ. ನನಗೆ ಅದೇ ಜಾಸ್ತಿ ಖುಷಿ.

ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಹಾವಿನ ನೋಂದಣಿ ಆಗಿದೆಯೇ ನೋಡಿಕೊಳ್ಳಿ, 2024ರ ನಿಯಮದಂತೆ ಅದು ಬೇಕು. ತೋಟಕ್ಕೆ ಬರುವ ನಮ್ಮ ಕಾಡಿನ ಕೇರೆ, ಹೆಬ್ಬಾವನ್ನು ಮಾತ್ರ ಸಾಕಲು ಹೋಗಬೇಡಿ. 1972ರ ವನ್ಯಜೀವಿ ಕಾಯ್ದೆಯಡಿ ಅದು ಅಪರಾಧ.