ನೆನಪು ಹೋದ ಅಮ್ಮ ಅದೇ ಅಮ್ಮನೇ?

ಪ್ರಶ್ನೆ: ನನ್ನ ಅಮ್ಮನಿಗೆ 78 ವರ್ಷ. ನಾಲ್ಕು ವರ್ಷದಿಂದ ಮರೆವಿನ ಕಾಯಿಲೆ. ಈಗ ನನ್ನ ಗುರುತೂ ಸಿಗುವುದಿಲ್ಲ. ನನ್ನನ್ನು ತನ್ನ ಅಕ್ಕ ಎಂದುಕೊಂಡು "ಅಕ್ಕಾ, ಮನೆಗೆ ಹೋಗೋಣ ಬಾ" ಎನ್ನುತ್ತಾಳೆ. ಆದರೆ ಹೂವಿನ ಬುಟ್ಟಿ, ಬಾಳೆನಾರು ಮುಂದಿಟ್ಟರೆ ಸಾಕು, ಮಲ್ಲಿಗೆ ಕಟ್ಟುತ್ತಾಳೆ. ಒಂದು ಗಂಟೂ ಸಡಿಲ ಇರುವುದಿಲ್ಲ. ಮೊನ್ನೆ ನೆಂಟರೊಬ್ಬರು "ಅವಳು ಯಾವತ್ತೋ ಹೋಗಿ ಆಯ್ತು, ಉಳಿದದ್ದು ಬರೀ ದೇಹ" ಅಂದರು. ಬಿ.ಎ.ಯಲ್ಲಿ ತತ್ತ್ವಶಾಸ್ತ್ರ ಓದಿದವಳು ನಾನು. ನೆನಪು ಇದ್ದಷ್ಟು ದೂರ ಮಾತ್ರ ವ್ಯಕ್ತಿ ಎಂದು ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್ ಹೇಳಿದ್ದು ನೆನಪಾಗಿ ಸಂಕಟ ಇನ್ನೂ ಹೆಚ್ಚಾಯಿತು. ಪಾಶ್ಚಾತ್ಯ ತತ್ತ್ವಜ್ಞಾನಿಗಳೆಲ್ಲ ಹೀಗೇ ಹೇಳುತ್ತಾರೆಯೇ? ಇನ್ನೊಂದು ಮಾತು: ಅಮ್ಮ ಜೀವಮಾನದಲ್ಲಿ ಏಕಾದಶಿ ಉಪವಾಸ ಬಿಟ್ಟವಳಲ್ಲ. ಈಗ ಅವತ್ತೇ ಅನ್ನ ಕೇಳುತ್ತಾಳೆ. ಕೊಟ್ಟರೆ ವ್ರತ ಕೆಡಿಸಿದ ಹಾಗಾಗುತ್ತದೆಯೇ?
– ಹೆಸರು ಬೇಡವೆಂದ ಓದುಗರು, ಹಾಸನ

ಉತ್ತರ: ನಿಮ್ಮ ನೆಂಟರ ಮಾತು ತಪ್ಪು. ಲಾಕ್‌ನನ್ನು ಮುಂದಿಟ್ಟುಕೊಂಡು ಅದನ್ನು ಸಮರ್ಥಿಸಲೂ ಆಗುವುದಿಲ್ಲ.

ಮೊದಲು ಲಾಕ್ ಏಕೆ ಹಾಗೆ ಬರೆದ ಎಂಬುದನ್ನು ನೋಡಿ. ಮನುಷ್ಯನ ತಿಳಿವಿನ ಬಗೆಗಿನ ಅವನ ಪ್ರಬಂಧದ ಮೊದಲ ಮುದ್ರಣದಲ್ಲಿ, ನೀವು ನೆನೆದ ಆ ಮಾತು ಬರುವ ಅಧ್ಯಾಯ ಇರಲೇ ಇಲ್ಲ. 1694ರ ಎರಡನೇ ಮುದ್ರಣಕ್ಕೆ ಅದನ್ನು ಸೇರಿಸಿದ. ಮಾಡಿದ ತಪ್ಪಿಗೆ ಯಾರನ್ನು ಹೊಣೆ ಮಾಡಬೇಕು, ಯಾರಿಗೆ ಶಿಕ್ಷೆ ಕೊಟ್ಟರೆ ನ್ಯಾಯ ಎಂಬುದು ಅಲ್ಲಿ ಅವನನ್ನು ಕಾಡಿದ ಪ್ರಶ್ನೆ. 'ವ್ಯಕ್ತಿ' ಎನ್ನುವುದು ನ್ಯಾಯಾಲಯದ ಪದ ಎಂದು ಅವನೇ ಬರೆದಿದ್ದಾನೆ. ಯಾವ ಕೆಲಸ ತನ್ನದೆಂಬ ಅರಿವು ಇಲ್ಲವೋ ಅದಕ್ಕೆ ಆ ಮನುಷ್ಯನನ್ನು ದೂರಬಾರದು ಎಂಬಷ್ಟಕ್ಕೆ ಅವನ ವಾದ ಗಟ್ಟಿಯಾಗಿ ನಿಲ್ಲುತ್ತದೆ. ಅಮ್ಮ ನಿನ್ನೆ ಸಿಟ್ಟಿನಲ್ಲಿ ತಟ್ಟೆ ಎಸೆದು ಇವತ್ತು ಅದರ ಸುಳಿವೇ ಇಲ್ಲದೆ ಕುಳಿತಿದ್ದರೆ, ಅವರನ್ನು ಆ ತಪ್ಪಿನಿಂದ ಬಿಡಿಸಲು ಲಾಕ್ ನಿಮ್ಮ ನೆರವಿಗೆ ಬರುತ್ತಾನೆ. ಅಮ್ಮ ಇಲ್ಲವೇ ಇಲ್ಲ ಎನ್ನಲು ಬರುವುದಿಲ್ಲ.

ಅದಕ್ಕಿಂತ ಮುಂದೆ ಎಳೆದರೆ ಆ ವಾದ ಹರಿಯುತ್ತದೆ. ಹೇಗೆಂದು ತೋರಿಸಿದವನು ಸ್ಕಾಟ್ಲೆಂಡಿನ ಥಾಮಸ್ ರೀಡ್, 1785ರಲ್ಲಿ. ಒಬ್ಬ ಹುಡುಗ ತೋಟದಲ್ಲಿ ಹಣ್ಣು ಕದ್ದು ಶಾಲೆಯಲ್ಲಿ ಏಟು ತಿನ್ನುತ್ತಾನೆ. ಬೆಳೆದು ಸೇನೆ ಸೇರಿ, ಮೊದಲ ಯುದ್ಧದಲ್ಲೇ ಶತ್ರುವಿನ ಬಾವುಟ ಕಿತ್ತುಕೊಳ್ಳುತ್ತಾನೆ. ಕೊನೆಗೆ ಜನರಲ್ ಆಗುತ್ತಾನೆ. ಬಾವುಟ ಕಿತ್ತ ದಿನ ಅವನಿಗೆ ಶಾಲೆಯ ಏಟು ನೆನಪಿತ್ತು. ಜನರಲ್ ಆದಾಗ ಬಾವುಟ ನೆನಪಿದೆ, ಏಟು ಪೂರ್ತಿ ಮರೆತಿದೆ. ನೆನಪೇ ಅಳತೆಗೋಲು ಎಂದಿಟ್ಟುಕೊಳ್ಳಿ. ಜನರಲ್ಲೂ ಆ ಯೋಧನೂ ಒಬ್ಬನೇ, ಯೋಧನೂ ಹುಡುಗನೂ ಒಬ್ಬನೇ, ಆದರೆ ಜನರಲ್ಲೂ ಹುಡುಗನೂ ಬೇರೆ ಬೇರೆ! ಲೆಕ್ಕ ಕೂಡುವುದೇ ಇಲ್ಲ. ನಮ್ಮನ್ನೇ ನೋಡಿಕೊಳ್ಳಿ. ಅಮ್ಮ ಸೊಂಟದ ಮೇಲೆ ಕೂರಿಸಿಕೊಂಡು, ಚಂದಮಾಮನನ್ನು ತೋರಿಸಿ ತುತ್ತು ಇಟ್ಟದ್ದು ನಮಗ್ಯಾರಿಗೂ ನೆನಪಿಲ್ಲ. ಆ ತುತ್ತು ತಿಂದದ್ದು ನಾವಲ್ಲವೇ?

'ಉಳಿದದ್ದು ಬರೀ ದೇಹ' ಎನ್ನುವಾಗ ನಿಮ್ಮ ನೆಂಟರು ತಮಗೆ ಗೊತ್ತಿಲ್ಲದೆಯೇ ಫ್ರಾನ್ಸಿನ ತತ್ತ್ವಜ್ಞಾನಿ ದೆಕಾರ್ತ್‌ನ ದಾರಿ ಹಿಡಿದಿದ್ದಾರೆ. ಯೋಚಿಸುವ ಮನಸ್ಸು ಒಂದು ವಸ್ತು, ಜಾಗ ಹಿಡಿಯುವ ದೇಹ ಇನ್ನೊಂದು ಎಂದು 1641ರಲ್ಲಿ ಅವನು ಎರಡಾಗಿ ಸೀಳಿದ. ಎರಡೇ ವರ್ಷಕ್ಕೆ ಬೊಹಿಮಿಯಾದ ರಾಜಕುಮಾರಿ ಎಲಿಜಬೆತ್ ಪತ್ರ ಬರೆದು ಕೇಳಿದಳು: ದೇಹವೇ ಇಲ್ಲದ ಮನಸ್ಸು ದೇಹವನ್ನು ಅಲುಗಿಸುವುದು ಹೇಗೆ? ಅವಳಿಗೆ ತೃಪ್ತಿಯಾಗುವ ಉತ್ತರ ಅವನಿಂದ ಬರಲೇ ಇಲ್ಲ. ಇನ್ನು ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್. ಒಳಗೆ ಎಷ್ಟು ಹುಡುಕಿದರೂ ತನಗೆ ಸಿಕ್ಕಿದ್ದು ಬಿಸಿ, ತಂಪು, ಪ್ರೀತಿ, ನೋವು ಇಂಥ ಬಿಡಿ ಅನುಭವಗಳೇ ಹೊರತು 'ನಾನು' ಎಂಬುದು ಸಿಗಲಿಲ್ಲ ಎಂದು 1739ರಲ್ಲಿ ಬರೆದ. ಮಾರನೇ ವರ್ಷದ ಅನುಬಂಧದಲ್ಲಿ, ಈ ಬಿಡಿಗಳನ್ನು ಕಟ್ಟಿ ಹಿಡಿದಿರುವುದು ಏನು ಎಂಬುದಕ್ಕೆ ತನ್ನಲ್ಲಿ ಒಪ್ಪುವಂಥ ವಿವರಣೆ ಇಲ್ಲ ಎಂದು ಒಪ್ಪಿಕೊಂಡ. ಆ ಪ್ರಾಮಾಣಿಕತೆಯ ಬಗ್ಗೆ ನನಗೆ ಬಹಳ ಗೌರವ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮಲ್ಲಿಗೆ. ಫ್ರಾನ್ಸಿನ ತತ್ತ್ವಜ್ಞಾನಿ ಮೆರ್ಲೊ-ಪಾಂಟಿ 1945ರ ತನ್ನ ಗ್ರಂಥದಲ್ಲಿ ಟೈಪಿಂಗ್ ಬಲ್ಲವರ ಉದಾಹರಣೆ ಕೊಡುತ್ತಾನೆ. ಯಾವ ಅಕ್ಷರ ಎಲ್ಲಿದೆ ಎಂದು ಕೇಳಿದರೆ ಅವರಿಗೆ ಥಟ್ಟನೆ ಹೇಳಲಾಗದು, ಬೆರಳುಗಳಿಗೆ ಮಾತ್ರ ಗೊತ್ತು. ಅವನ ಪ್ರಕಾರ ಅದು ಯಂತ್ರದ ಚಲನೆಯಲ್ಲ, ತಿಳಿವೇ. ದೇಹದಲ್ಲಿ ನೆಲೆ ನಿಂತ ತಿಳಿವು. ಇದೇ ಎಳೆ ಹಿಡಿದು ಕೆನಡಾದ ಸಂಶೋಧಕಿ ಪಿಯಾ ಕೊಂಟೋಸ್ ಅಲ್ಜೈಮರ್ ರೋಗಿಗಳ ಆರೈಕೆ ಮನೆಯೊಂದರಲ್ಲಿ ಕುಳಿತು ಗಮನಿಸಿದರು. ಊಟದ ಹೊತ್ತಿಗೆ ಒಬ್ಬ ವೃದ್ಧೆಗೆ ಎದೆಯ ಮೇಲೆ ಬಟ್ಟೆ ಕಟ್ಟಿದರೆ, ಆಕೆ ಅದರ ಅಡಿಯಿಂದ ತನ್ನ ಮುತ್ತಿನ ಸರವನ್ನು ಹೊರಗೆಳೆದು, ಕಾಣುವಂತೆ ಇಟ್ಟುಕೊಳ್ಳುತ್ತಿದ್ದಳು. ನಿಮ್ಮ ತಾಯಿ ನಾಲ್ಕು ಮೊಗ್ಗು ಜೋಡಿಸಿ, ನಾರು ಸುತ್ತಿ, ಎಷ್ಟು ಬಿಗಿದರೆ ತೊಟ್ಟು ಮುರಿಯದು ಎಂದು ಬೆರಳಲ್ಲೇ ಅಳೆದು ಗಂಟು ಹಾಕುತ್ತಾರಲ್ಲ, ಅಲ್ಲಿ ಅವರು ಇದ್ದಾರೆ. ಅದು ಬೇರೆ ಯಾರ ಕೈಯೂ ಅಲ್ಲ.

ಅಮೆರಿಕದ ತತ್ತ್ವಜ್ಞಾನಿ ಹಿಲ್ಡೆ ಲಿಂಡೆಮನ್ 2014ರ ಪುಸ್ತಕದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾರೆ: ನಾನು ಯಾರು ಎಂಬುದನ್ನು ನಾನೊಬ್ಬಳೇ ಹಿಡಿದುಕೊಂಡಿರುವುದಿಲ್ಲ, ಸುತ್ತಲಿನವರೂ ಹಿಡಿದಿರುತ್ತಾರೆ. ನನ್ನ ಹಿಡಿತ ಸಡಿಲಾದಾಗ ಅವರ ಹಿಡಿತ ಕೆಲಸಕ್ಕೆ ಬರುತ್ತದೆ. ನೀವು ಬುಟ್ಟಿ ತಂದು ಮುಂದಿಟ್ಟು ಮಾಡುತ್ತಿರುವುದು ಇದನ್ನೇ. ಅವರು 'ಅಕ್ಕಾ' ಎಂದರೆ ತಿದ್ದಬೇಡಿ, 'ಹೂಂ' ಅನ್ನಿ. ಹೆಸರು ತಪ್ಪಿರಬಹುದು, ಆದರೆ ತನ್ನನ್ನು ಮನೆಗೆ ಕರೆದೊಯ್ಯಬಲ್ಲ ಜನ ಯಾರು ಎಂಬ ಗುರುತು ಅವರಿಗೆ ತಪ್ಪಿಲ್ಲ.

ಏಕಾದಶಿಯ ವಿಷಯದಲ್ಲಿ ತತ್ತ್ವಜ್ಞಾನಿಗಳಲ್ಲಿ ಒಮ್ಮತವಿಲ್ಲ. ಬುದ್ಧಿ ಸ್ಥಿಮಿತದಲ್ಲಿದ್ದಾಗ ಮನುಷ್ಯ ತನ್ನ ಬಾಳನ್ನು ಹೇಗೆ ರೂಪಿಸಿಕೊಂಡಿದ್ದನೋ ಅದಕ್ಕೇ ಮೇಲುಗೈ ಇರಬೇಕು ಎಂದು ರೊನಾಲ್ಡ್ ಡ್ವರ್ಕಿನ್ 1993ರಲ್ಲಿ ವಾದಿಸಿದರು. ಆ ಲೆಕ್ಕದಲ್ಲಿ ಅನ್ನ ಕೊಡಬಾರದು. ಎದುರಿಗಿರುವ ವ್ಯಕ್ತಿಯ ಇಂದಿನ ಹಿತವೇ ಮುಖ್ಯ ಎಂದು ರೆಬೆಕ್ಕಾ ಡ್ರೆಸ್ಸರ್ ಅದನ್ನು ವಿರೋಧಿಸಿದರು. ಕಾಯಿಲೆಯ ನಡುವೆಯೂ ಮನುಷ್ಯರು ಕೆಲವನ್ನು ಬೆಲೆಯುಳ್ಳದ್ದು ಎಂದು ನಿಜವಾಗಿ ಎಣಿಸುತ್ತಲೇ ಇರುತ್ತಾರೆ, ಅದಕ್ಕೆ ಬೆಲೆ ಕೊಡಬೇಕು ಎಂದು 1999ರಲ್ಲಿ ಅಗ್ನಿಯೆಷ್ಕಾ ಯಾವೊರ್ಸ್ಕಾ ಬರೆದರು. ನಾನು ಡ್ರೆಸ್ಸರ್, ಯಾವೊರ್ಸ್ಕಾ ಇಬ್ಬರ ಕಡೆ. ಉಪವಾಸ ನಿಮ್ಮ ತಾಯಿ ತಾವಾಗಿ ಹಿಡಿದದ್ದು, ಅದಕ್ಕೇ ಅದು ವ್ರತ. ಹಸಿದವರ ಮುಂದಿನಿಂದ ತಟ್ಟೆ ಸರಿಸಿದರೆ ಅದು ಅವರ ವ್ರತ ಆಗುವುದಿಲ್ಲ. ಮುದುಕರಿಗೆ, ಕಾಯಿಲೆಯವರಿಗೆ ನಮ್ಮ ಸಂಪ್ರದಾಯವೇ ವಿನಾಯಿತಿ ಕೊಟ್ಟಿದೆಯಲ್ಲ.

ಈ ಏಕಾದಶಿಗೆ ಅನ್ನ ಮೆತ್ತಗೆ ಮಾಡಿ, ಮೊಸರು ಕಲಸಿ ಕೊಡಿ. ಅವತ್ತು ತುಳಸಿಗೆ ಹೂ ಏರಿಸುವುದು ಅವರ ರೂಢಿಯಾಗಿದ್ದರೆ, ಅವರೇ ಕಟ್ಟಿದ ಮಲ್ಲಿಗೆಯನ್ನು ಅವರ ಕೈಗೇ ಕೊಟ್ಟು ಕಟ್ಟೆಯವರೆಗೆ ಕರೆದುಕೊಂಡು ಹೋಗಿ.