ಬನವಾಸಿ ಕಡೆ ಭತ್ತ ಕೊಯ್ದ ಗದ್ದೆಗೆ ಆಲೂಗಡ್ಡೆ ಹಾಕಿದರೆ ಯೂರಿಯಾ ಒಂದೇ ಸಲ ಕೊಡಬಹುದಾ?

ಬೇಡ. ಅರ್ಧ ನೆಡುವಾಗ ಕೊಡಿ. ಇನ್ನರ್ಧ ಸುಮಾರು 30 ದಿನಕ್ಕೆ, ಬುಡಕ್ಕೆ ಮಣ್ಣು ಏರಿಸುವಾಗ.

ಯೂರಿಯಾದಲ್ಲಿರುವ ಸಾರಜನಕ ಜಾಸ್ತಿ ಸಿಗುವಷ್ಟು ದಿನವೂ ಆಲೂ ಗಿಡ ಎಲೆ, ಕಾಂಡ ಬೆಳೆಸುತ್ತಲೇ ಇರುತ್ತದೆ, ಗಡ್ಡೆ ಕಟ್ಟುವುದನ್ನು ಮುಂದೆ ಹಾಕುತ್ತದೆ. ಮೇಲೆ ನೋಡಿದರೆ ಕಡುಹಸಿರು, ಕಣ್ಣಿಗೆ ಹಬ್ಬ. ಬುಡ ಕೆದಕಿದರೆ ಗೋಲಿಯಷ್ಟು ಗಡ್ಡೆ! ನಮ್ಮಲ್ಲಿ ಚಳಿ ಇರುವುದೇ ಸ್ವಲ್ಪ ದಿನ ಅಲ್ವಾ? ಬಿಸಿಲು ಏರಿದ ಮೇಲೆ ಗಡ್ಡೆ ದಪ್ಪ ಆಗುವುದು ಕಷ್ಟ. ಹಾಗಾಗಿ ಆ ತಡ ದುಬಾರಿ ಬೀಳುತ್ತದೆ.

ಜೊತೆಗೆ, ಯೂರಿಯಾ ಮಣ್ಣಿನಲ್ಲಿ ನೈಟ್ರೇಟ್ (ನೀರಲ್ಲಿ ಕರಗುವ ಸಾರಜನಕದ ರೂಪ) ಆಗಿ ಬದಲಾಗುತ್ತದೆ. ಅದನ್ನು ಮಣ್ಣು ಹಿಡಿದಿಡುವುದಿಲ್ಲ. ನೀರು ಜಾಸ್ತಿ ಬಿಟ್ಟರೆ ಕೆಳಗೆ ಇಳಿದುಹೋಗುತ್ತದೆ, ಆಲೂ ಬೇರು ಅಷ್ಟು ಆಳಕ್ಕೆ ಹೋಗುವುದಿಲ್ಲ.

45 ಕೆಜಿ ಯೂರಿಯಾ ಚೀಲದಲ್ಲಿ ಸಾರಜನಕ ಇರುವುದು ಸುಮಾರು 21 ಕೆಜಿ. ಎಷ್ಟು ಬೇಕು ಎಂಬುದನ್ನು ಮಣ್ಣು ಪರೀಕ್ಷೆ ನೋಡಿ ಲೆಕ್ಕ ಹಾಕಿ. ಕೊಟ್ಟಿಗೆ ಗೊಬ್ಬರ ಚೆನ್ನಾಗಿ ಹಾಕಿದ್ದರೆ ಯೂರಿಯಾ ಕಡಿಮೆ ಮಾಡಿ, ಅದರಿಂದಲೂ ನಿಧಾನಕ್ಕೆ ಸಾರಜನಕ ಸಿಗುತ್ತದೆ. ಗಡ್ಡೆ ಬಲಿಯುವ ಹೊತ್ತಿಗೆ ಮಾತ್ರ ಸುಮ್ನೆ ಯೂರಿಯಾ ಎರಚಬೇಡಿ. ಸಿಪ್ಪೆ ಎಳಸಾಗೇ ಉಳಿದು, ಕೀಳುವಾಗ ಹೆಬ್ಬೆರಳು ತಾಗಿದರೂ ಸುಲಿಯುತ್ತದೆ.