ಹಿಮದ ಕನಸು ಕಂಡ ಮಕ್ಕಳು

(ಕಳೆದ ಸಂಚಿಕೆಯಲ್ಲಿ ಫಿಲಿಪ್ಪೀನ್ಸ್‌ನ ರಾಜಕೀಯ ಚಿಂತಕ, ಉಪನ್ಯಾಸಕ ರೆನಾತೊ ಕೊನ್ಸ್ತಾಂತಿನೊ ಅವರ ಬಗ್ಗೆ ಅರ್ಧ ಪುಟದ ಪರಿಚಯ ಪ್ರಕಟಿಸಿದ್ದೆವು. ಅದನ್ನು ಓದಿ ದಾವಣಗೆರೆಯ ನಿವೃತ್ತ ಚರಿತ್ರೆ ಮೇಷ್ಟ್ರೊಬ್ಬರು ಉದ್ದನೆಯ ಕಾಗದ ಬರೆದಿದ್ದಾರೆ. ಇಂಗ್ಲಿಷ್ ಶಿಕ್ಷಣವನ್ನು ಹಳಿದವರು ತಾವೇ ಇಂಗ್ಲಿಷಿನಲ್ಲಿ ಬರೆದದ್ದು ಎಷ್ಟು ಸರಿ? ದೇಶಕ್ಕಾಗಿ ಸ್ಪೇನ್‌ನ ಗುಂಡಿಗೆ ಬಲಿಯಾದ ಲೇಖಕ, ಅಲ್ಲಿನ ರಾಷ್ಟ್ರವೀರ ಹೊಸೆ ರಿಸಾಲ್ ಅವರನ್ನು ಪ್ರಶ್ನಿಸುವುದು ಕೃತಘ್ನತೆಯಲ್ಲವೇ? ಇವು ಅವರ ಮುಖ್ಯ ಆಕ್ಷೇಪಗಳು. ಚಿಂತಕರ ಹೆಸರನ್ನು ಒಂದೇ ಪುಟದಲ್ಲಿ ಎರಡು ಬಗೆಯಾಗಿ ಅಚ್ಚು ಮಾಡಿದ್ದೇಕೆ ಎಂದೂ ಕೇಳಿದ್ದಾರೆ.)

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಜೀವಮಾನವಿಡೀ ಚರಿತ್ರೆ ಪಾಠ ಹೇಳಿದವರು ಕೇಳಿದ ಪ್ರಶ್ನೆಗೆ ನಾಲ್ಕು ಸಾಲು ಗೀಚಿ ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ. ತಪ್ಪು ನಮ್ಮದೂ ಇದೆ. ಕೊನ್ಸ್ತಾಂತಿನೊ ಅವರ ವಾದದ ತುದಿಯನ್ನಷ್ಟೇ ಕೊಟ್ಟು ಬುಡವನ್ನು ಬಿಟ್ಟುಬಿಟ್ಟಿದ್ದೆವು.

ಬುಡ ಇರುವುದು 1898ರಲ್ಲಿ. ಆ ವರ್ಷ ಜೂನ್‌ನಲ್ಲಿ ಫಿಲಿಪಿನೋಗಳು ಸ್ಪೇನ್‌ನಿಂದ ತಾವು ಸ್ವತಂತ್ರರೆಂದು ಸಾರಿಕೊಂಡರು. ಡಿಸೆಂಬರ್‌ನಲ್ಲಿ ಅದೇ ಸ್ಪೇನ್ ಆ ದ್ವೀಪಗಳನ್ನು ಎರಡು ಕೋಟಿ ಡಾಲರಿಗೆ ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಮರುವರ್ಷ ಫಿಲಿಪಿನೋಗಳಿಗೂ ಅಮೆರಿಕನ್ನರಿಗೂ ಯುದ್ಧ ಶುರುವಾಯಿತು. ಯುದ್ಧ ಮುಗಿಯುವ ಮೊದಲೇ ಅಮೆರಿಕನ್ನರು ಅಲ್ಲಿ ಇಂಗ್ಲಿಷ್ ಶಾಲೆ ತೆರೆದರು. ಮೊದಲು ಪಾಠ ಹೇಳಿದವರು ಸಿಪಾಯಿಗಳು. ಶಾಲೆಗಳಿಗೆ ಹಣ ಬೇಕೆಂದು ಕೇಳುವಾಗ ಜನರಲ್ ಆರ್ಥರ್ ಮೆಕಾರ್ಥರ್ ಕಾರಣವನ್ನೂ ಮುಚ್ಚಿಡಲಿಲ್ಲ: ಜನರನ್ನು ತಣ್ಣಗಾಗಿಸಲು ಸೇನಾ ಕಾರ್ಯಾಚರಣೆಯ ಜೊತೆಜೊತೆಗೇ ಇದೂ ಬೇಕು ಎಂದರು. 1901ರ ಆಗಸ್ಟ್‌ನಲ್ಲಿ ‘ಥಾಮಸ್’ ಎಂಬ ಸೇನಾ ಹಡಗು ಸುಮಾರು ಐನೂರು ಅಮೆರಿಕನ್ ಶಿಕ್ಷಕರನ್ನು ಮನಿಲಾದಲ್ಲಿ ಇಳಿಸಿತು. ಹಡಗಿನ ಹೆಸರೇ ಅವರಿಗೂ ಅಂಟಿ ‘ಥಾಮಸೈಟ್ಸ್’ ಎನಿಸಿಕೊಂಡರು. ಅವರಲ್ಲಿ ಅನೇಕರು ಒಳ್ಳೆಯ ಮನಸ್ಸಿನಿಂದಲೇ ದುಡಿದರು. ಕೆಲವರು ಕಾಲರಾಕ್ಕೆ ಸಿಕ್ಕಿ ಅಲ್ಲೇ ಮಣ್ಣಾದರು.

1919ರಲ್ಲಿ ಮನಿಲಾದಲ್ಲಿ ಹುಟ್ಟಿದ ಕೊನ್ಸ್ತಾಂತಿನೊ ಬೆಳೆದದ್ದು ಈ ವ್ಯವಸ್ಥೆಯೊಳಗೆ. ಓದಿನಲ್ಲಿ ಜಾಣ, ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆಯ ಸಂಪಾದಕ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ವಿಶ್ವಸಂಸ್ಥೆಯಲ್ಲಿ ತಮ್ಮ ದೇಶದ ನಿಯೋಗದ ಕಾರ್ಯದರ್ಶಿ, ನಂತರ ವಿದೇಶಾಂಗ ಇಲಾಖೆಯಲ್ಲಿ ಕೆಲಸ, ಆಮೇಲೆ ವಸ್ತುಸಂಗ್ರಹಾಲಯದ ನಿರ್ದೇಶಕ, ಹಲವು ವಿಶ್ವವಿದ್ಯಾಲಯಗಳಲ್ಲಿ ಉಪನ್ಯಾಸಕ. ‘ಫಿಲಿಪಿನೋನ ಅಪಶಿಕ್ಷಣ’ ಎಂದು ಕನ್ನಡದಲ್ಲಿ ಹೇಳಬಹುದಾದ ಅವರ ಪ್ರಬಂಧ ಬರೆದದ್ದು 1959ರಲ್ಲಿ, ಅಚ್ಚಾದದ್ದು 1966ರಲ್ಲಿ. ಅದರಲ್ಲಿ ಒಂದು ಚಿತ್ರ ಬರುತ್ತದೆ, ನನ್ನನ್ನು ಇನ್ನೂ ಬಿಟ್ಟಿಲ್ಲ. ವರ್ಷವಿಡೀ ಸೆಕೆ, ಮಳೆ ಬಿಟ್ಟರೆ ಬೇರೇನೂ ಕಾಣದ ನಾಡಿನ ಮಕ್ಕಳು ಅಮೆರಿಕದ ಹಾಡು ಹಾಡುತ್ತಾ, ಅಮೆರಿಕದ ವೀರರ ಕಥೆ ಕೇಳುತ್ತಾ, ಹಿಮದ ಮತ್ತು ಸಾಂತಾಕ್ಲಾಸನ ಕನಸು ಕಾಣುತ್ತಾ ಬೆಳೆದರಂತೆ. ಚರಿತ್ರೆ ಪುಸ್ತಕದಲ್ಲಿ ಸ್ಪೇನ್ ದುಷ್ಟ, ಅಮೆರಿಕ ಉದ್ಧಾರಕ. ಅಮೆರಿಕದ ವಿರುದ್ಧ ಕಾಡಿನಲ್ಲಿ ಹೋರಾಡಿ 1907ರಲ್ಲಿ ಗಲ್ಲಿಗೇರಿದ ಮಕಾರಿಯೊ ಸಕಾಯ್‌ಗೆ ಆಳುವವರು ಕೊಟ್ಟ ಹೆಸರು ‘ದರೋಡೆಕೋರ’. ಅದೇ ವರ್ಷದಿಂದ 1919ರವರೆಗೆ ತಮ್ಮ ಬಾವುಟ ಹಾರಿಸುವುದೂ ಅಲ್ಲಿ ಅಪರಾಧ.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರುತ್ತೇನೆ. ಇಂಗ್ಲಿಷ್ ಕಲಿಯಬೇಡಿ ಎಂದು ಹೇಳಲು ಅವರು ಆ ಪ್ರಬಂಧ ಬರೆದದ್ದಲ್ಲ. ಆ ಭಾಷೆಯನ್ನು ಅವರು ಬೆಣೆ ಎಂದು ಕರೆದರು. ಸೌದೆ ಸೀಳುವಾಗ ನಾವು ಬೆಣೆ ಹೊಡೆಯುತ್ತೇವಲ್ಲ, ಹಾಗೆ. ಅದು ಮೊದಲು ಜನರನ್ನು ಅವರ ಹಿಂದಿನಿಂದ ಸೀಳಿತು. ಆಮೇಲೆ ಓದಿದವರನ್ನು ಓದದ ತಮ್ಮದೇ ಜನರಿಂದ ಸೀಳಿತು. ಸೀಳಿನ ಈಚೆ ಬದಿಯಲ್ಲಿ ನಿಂತವರಿಗೇ ಅವರು ಬರೆದದ್ದು, ಹಾಗಾಗಿ ಅವರ ಭಾಷೆಯಲ್ಲೇ ಬರೆದರು. ಕಾಯಿಲೆ ಇದ್ದವರಿಗೆ ತಾನೇ ಮದ್ದು. ಆದರೆ ನಿಮ್ಮ ಮಾತಿನಲ್ಲಿರುವ ಸತ್ಯವನ್ನು ತಳ್ಳಿಹಾಕಲಾರೆ. ದೇಶದ ಚರಿತ್ರೆಯನ್ನು ಅರಮನೆ, ಚರ್ಚುಗಳಿಂದ ಬಿಡಿಸಿ, ರೈತರು ಕೂಲಿಕಾರರು ಮಾಡಿದ ದಂಗೆಗಳ ಕಥೆಯಾಗಿ ಅವರು 1975ರಲ್ಲಿ ಬರೆದರು. ಮುಂದಿನ ಸಂಪುಟವನ್ನು 1978ರಲ್ಲಿ ಹೆಂಡತಿ ಲೆತೀಸಿಯಾ ಜೊತೆ ಸೇರಿ ತಂದರು. ಅಷ್ಟು ಪ್ರೀತಿಯಿಂದ ಯಾರ ಕಥೆ ಬರೆದರೋ ಅವರಲ್ಲಿ ಬಹುಪಾಲು ಮಂದಿಗೆ ಆ ಪುಸ್ತಕ ನೇರವಾಗಿ ಎಟುಕಲಿಲ್ಲ. ಇದು ದೊಡ್ಡ ಕೊರತೆಯೇ.

ರಿಸಾಲ್ ವಿಷಯ ಇದಕ್ಕಿಂತ ಕಷ್ಟದ್ದು. 1969ರ ಡಿಸೆಂಬರ್ 30ರಂದು, 1896ರಲ್ಲಿ ರಿಸಾಲ್ ಹುತಾತ್ಮರಾದ ತಾರೀಖಿನಂದೇ, ಅವರ ಹೆಸರಿನಲ್ಲೇ ಏರ್ಪಾಟಾದ ಉಪನ್ಯಾಸದಲ್ಲಿ ಕೊನ್ಸ್ತಾಂತಿನೊ ಈ ಪ್ರಶ್ನೆ ಎತ್ತಿದರು. ಅದಕ್ಕೆ ಎಂಥ ಎದೆಗಾರಿಕೆ ಬೇಕೆಂದು ನೀವೇ ಯೋಚಿಸಿ. ಜಗತ್ತಿನ ಕ್ರಾಂತಿಗಳಲ್ಲಿ ನಾಯಕರೇ ರಾಷ್ಟ್ರವೀರರಾಗುತ್ತಾರೆ, ನಮ್ಮ ರಾಷ್ಟ್ರವೀರರು ಮಾತ್ರ ನಮ್ಮ ಕ್ರಾಂತಿಯನ್ನೇ ಅಲ್ಲಗಳೆದವರು ಎಂದರು ಅವರು. ಮಾತು ಆಧಾರವಿಲ್ಲದ್ದಲ್ಲ. 1896ರ ಡಿಸೆಂಬರ್ 15ರಂದು ಸೆರೆಯಲ್ಲಿದ್ದ ರಿಸಾಲ್ ಒಂದು ಹೇಳಿಕೆ ಬರೆದರು. ಆಂದ್ರೆಸ್ ಬೊನಿಫಾಸಿಯೊ ಆಗಸ್ಟ್‌ನಲ್ಲಿ ಹೊತ್ತಿಸಿದ ದಂಗೆಯನ್ನು ಖಂಡಿಸಿ, ಸುಧಾರಣೆ ಫಲ ಕೊಡಬೇಕಾದರೆ ಮೇಲಿನಿಂದಲೇ ಬರಬೇಕು, ಎಲ್ಲರೂ ಮನೆಗೆ ಮರಳಿ ಎಂದರು. ರಿಸಾಲ್ ಅವರನ್ನು ಎತ್ತಿ ಹಿಡಿದದ್ದು ಅಮೆರಿಕದ ಆಡಳಿತ, ಏಕೆಂದರೆ ಸುಧಾರಣೆ ಕೇಳಿದ, ಬಂದೂಕು ಹಿಡಿಯದ, ಆ ಹೊತ್ತಿಗೆ ಬದುಕಿಯೂ ಇಲ್ಲದ ವೀರ ಅವರಿಗೆ ಅನುಕೂಲ, ಎಂಬುದು ಕೊನ್ಸ್ತಾಂತಿನೊ ವಾದ.

ಇಲ್ಲಿ ನಾನು ಅವರ ಜೊತೆ ಪೂರ್ತಿ ಹೋಗಲಾರೆ. ಆ ಹೇಳಿಕೆಯನ್ನು ಸ್ಪೇನ್‌ನ ಅಧಿಕಾರಿಗಳೇ ಹೊರಬಿಡಲಿಲ್ಲ. ದಂಗೆಗೆ ಕಾಲ ಪಕ್ವವಾಗಿಲ್ಲ ಎಂದಷ್ಟೇ ಈತ ಹೇಳುತ್ತಿದ್ದಾನೆ, ಸ್ವಾತಂತ್ರ್ಯ ಬೇಡ ಎಂದಿಲ್ಲ ಎಂದು ಅವರ ಕಾನೂನು ಅಧಿಕಾರಿ ಟಿಪ್ಪಣಿ ಬರೆದ. ಬೊನಿಫಾಸಿಯೊ ಕಟ್ಟಿದ ಗುಪ್ತ ಸಂಘದಲ್ಲಿ ರಿಸಾಲ್ ಹೆಸರೇ ಸಂಕೇತಪದವಾಗಿತ್ತು. ಅಮೆರಿಕದ ಆಳ್ವಿಕೆ ಬೇರೂರುವ ಮುನ್ನ, 1898ರಲ್ಲೇ, ಕ್ರಾಂತಿಯ ನಾಯಕ ಅಗಿನಾಲ್ದೊ ಡಿಸೆಂಬರ್ 30ನ್ನು ಶೋಕದಿನವೆಂದು ಘೋಷಿಸಿದ್ದರು. ಜನರ ಎದೆಯಲ್ಲಿ ಆಗಲೇ ಇದ್ದ ಪ್ರೀತಿಯನ್ನು ಅಮೆರಿಕನ್ನರು ತಮಗೆ ಬೇಕಾದಂತೆ ತಿದ್ದಿಕೊಂಡರು ಎಂದರೆ ಒಪ್ಪುತ್ತೇನೆ, ಅವರೇ ಹುಟ್ಟಿಸಿದರು ಎಂಬ ಧ್ವನಿ ಬಂದಾಗ ಒಪ್ಪಲಾರೆ. ಆದರೆ ಕೃತಘ್ನತೆ ಎಂಬ ಮಾತನ್ನು ದಯವಿಟ್ಟು ಹಿಂತೆಗೆದುಕೊಳ್ಳಿ. ಅದೇ ಉಪನ್ಯಾಸದಲ್ಲಿ ಅವರು ರಿಸಾಲ್ ಬರಹ ಜನರನ್ನು ಎಚ್ಚರಿಸಿದ್ದನ್ನು ಒಪ್ಪಿಕೊಂಡಿದ್ದಾರೆ. ಸ್ಪೇನ್ ಮೂಲದವರಿಗಷ್ಟೇ ಸಲ್ಲುತ್ತಿದ್ದ ‘ಫಿಲಿಪಿನೋ’ ಎಂಬ ಹೆಸರು ರಿಸಾಲ್ ತಲೆಮಾರಿನಿಂದಾಗಿ ನಾಡಿನ ಮಕ್ಕಳ ಹೆಸರಾಗತೊಡಗಿದ್ದನ್ನೂ ಗುರುತಿಸಿದ್ದಾರೆ. ಅವರ ಜಗಳವಿದ್ದದ್ದು ಓದದೆ ಹಾರ ಹಾಕುವ ಅಭ್ಯಾಸದ ಜೊತೆ.

ಈ ನೇರ ಮಾತಿಗೆ ಅವರು ಬೆಲೆ ತೆತ್ತರು. 1972ರಲ್ಲಿ ಅಧ್ಯಕ್ಷ ಮಾರ್ಕೋಸ್ ಸೇನಾಡಳಿತ ಹೇರಿದ ಮೇಲೆ ತಿಂಗಳುಗಟ್ಟಲೆ ಗೃಹಬಂಧನದಲ್ಲಿದ್ದರು. ನಾನು ಮೇಲೆ ಹೇಳಿದ ಚರಿತ್ರೆಯ ಎರಡೂ ಸಂಪುಟಗಳು ಆ ಆಳ್ವಿಕೆಯ ನಡುವೆಯೇ ಹೊರಬಂದವು. 1999ರಲ್ಲಿ ತೀರಿಕೊಂಡರು.

ಗೋಕಾಕ್ ಚಳವಳಿಯ ದಿನಗಳನ್ನು ನೆನೆದು, ಫಿಲಿಪ್ಪೀನ್ಸ್‌ನಲ್ಲಿ ಈಗ ಪರಿಸ್ಥಿತಿ ಹೇಗಿದೆ ಎಂದು ಕೇಳಿದ್ದೀರಿ. 2012ರಿಂದ ಮೂರನೆಯ ತರಗತಿಯವರೆಗೆ ಮಕ್ಕಳಿಗೆ ಅವರವರ ಮನೆಮಾತಿನಲ್ಲಿ ಕಲಿಸುವ ಏರ್ಪಾಡು ಜಾರಿಗೆ ಬಂದಿತ್ತು. 2024ರ ಅಕ್ಟೋಬರ್‌ನಲ್ಲಿ ಬಂದ ಕಾನೂನು ಅದನ್ನು ಕೈಬಿಟ್ಟು, ಬೋಧನೆಯನ್ನು ಮತ್ತೆ ರಾಷ್ಟ್ರಭಾಷೆ ಫಿಲಿಪಿನೋ ಮತ್ತು ಇಂಗ್ಲಿಷಿಗೆ ಒಪ್ಪಿಸಿತು. ನೂರಕ್ಕೂ ಹೆಚ್ಚು ಭಾಷೆಗಳ ನಾಡದು, ಪುಸ್ತಕ ತಯಾರಿಸುವುದು, ಶಿಕ್ಷಕರನ್ನು ಹೊಂದಿಸುವುದು ಸುಲಭವಲ್ಲ, ನಿಜ. ಆದರೂ ಆ ಸುದ್ದಿ ಓದಿದ ದಿನ ನನಗೆ ಹೊಟ್ಟೆ ಉರಿಯಿತು. ಮನೆಯ ಮಾತು ಶಾಲೆಯೊಳಗೆ ಬಂದು ಹನ್ನೆರಡೇ ವರ್ಷವಾಗಿತ್ತು.

ಕೊನೆಯದಾಗಿ ಹೆಸರಿನ ಮಾತು. ಸ್ಪ್ಯಾನಿಷ್ ಮೂಲದ ಹೆಸರಾದ್ದರಿಂದ ‘ಕೊನ್ಸ್ತಾಂತಿನೊ’ ಎಂಬುದೇ ಹತ್ತಿರದ ಉಚ್ಚಾರಣೆ. ಪುಟದ ಕೆಳಗೆ ‘ಕಾನ್‌ಸ್ಟಂಟೈನ್’ ಎಂದು ಅಚ್ಚಾದದ್ದು ಕರಡು ತಿದ್ದುವಾಗ ನನ್ನ ಕಣ್ಣು ತಪ್ಪಿದ್ದರಿಂದ. ತೋರಿಸಿಕೊಟ್ಟದ್ದಕ್ಕೆ ವಂದನೆಗಳು. ರಿಸಾಲ್ ಅವರ ಆ ಡಿಸೆಂಬರ್ 15ರ ಹೇಳಿಕೆ ಒಂದು ಪುಟಕ್ಕಿಂತ ಹೆಚ್ಚಿಲ್ಲ, ಮುಂದಿನ ಸಂಚಿಕೆಯಲ್ಲಿ ಪೂರ್ತಿಯಾಗಿ ಕನ್ನಡದಲ್ಲಿ ಕೊಡುತ್ತೇವೆ. ಓದಿ, ಮತ್ತೆ ಬರೆಯಿರಿ.

— ಸಂಪಾದಕ